ದಾನವೋ, ಬೆಲೆಯೋ, ಬಾಕಿಯೋ?

ಬಲಗೈ ಕೊಟ್ಟದ್ದು ಎಡಗೈಗೆ ತಿಳಿಯಬಾರದು ಎಂಬ ಮಾತನ್ನು ನಾವೆಲ್ಲ ಕೇಳಿಯೇ ಬೆಳೆದಿದ್ದೇವೆ. ಪಡೆದವನು ತಲೆ ತಗ್ಗಿಸುವಂತಾಗಬಾರದು, ಕೊಟ್ಟವನು ಬೀಗಬಾರದು ಎಂಬ ಕಾಳಜಿ ಆ ಮಾತಿನೊಳಗಿದೆ. ಆದರೆ ದೇಶವೊಂದು ಇನ್ನೊಂದು ದೇಶಕ್ಕೆ ಕೊಡುವಾಗ ಈ ಸಂಕೋಚ ಕಾಣಿಸುವುದಿಲ್ಲ. ಒಪ್ಪಂದಕ್ಕೆ ಸಹಿ ಬೀಳುವಾಗ ಕ್ಯಾಮರಾಗಳು ಸಿದ್ಧವಾಗಿರುತ್ತವೆ. ಕಟ್ಟಡದ ಗೋಡೆಯ ಮೇಲೆ ಕೊಟ್ಟವರ ಧ್ವಜದ ಚಿತ್ರವಿರುತ್ತದೆ. ವರ್ಷದ ಕೊನೆಗೆ 'ಅಭಿವೃದ್ಧಿ ನೆರವು' ಎಂಬ ಶೀರ್ಷಿಕೆಯಡಿ ಕೋಟಿಗಳ ಲೆಕ್ಕ ಪ್ರಕಟವಾಗುತ್ತದೆ.

ನಾವು ವಿಚಾರಿಸಬೇಕಾದುದು ಆ ಶೀರ್ಷಿಕೆಯನ್ನೇ. ಹಣ ಒಂದು ಕೈಯಿಂದ ಇನ್ನೊಂದು ಕೈಗೆ ಹೋಗಲು ಹಲವು ಕಾರಣಗಳಿರುತ್ತವೆ. ಕಷ್ಟದಲ್ಲಿರುವವನ ಮೇಲಿನ ಕರುಣೆಯಿಂದ ಕೊಟ್ಟರೆ ಅದು ದಾನ. ಏನನ್ನೋ ಪಡೆದುಕೊಂಡು ಕೊಟ್ಟರೆ ಅದು ಬೆಲೆ. ಹಿಂದೆ ಕಸಿದುಕೊಂಡದ್ದಕ್ಕೆ, ಮಾಡಿದ ಹಾನಿಗೆ ಕೊಟ್ಟರೆ ಅದು ಬಾಕಿ. ದಾನ ಮಾಡಿದವನಿಗೆ ಕೃತಜ್ಞತೆ ಸಲ್ಲಬೇಕು. ಬೆಲೆ ತೆತ್ತವನಿಗೆ ಸರಕು ಸಲ್ಲಬೇಕು. ಬಾಕಿ ತೀರಿಸಿದವನಿಗೆ ಒಂದು ರಶೀದಿ ಸಾಕು. ಈ ಮೂರನ್ನೂ 'ನೆರವು' ಎಂಬ ಒಂದೇ ಹೆಸರಿನಿಂದ ಕರೆದರೆ ಸಾಲ ತೀರಿಸುವವನೂ ದಾನಿಯ ಪೀಠದಲ್ಲಿ ಕೂರುತ್ತಾನೆ. ತನ್ನದನ್ನೇ ಪಡೆದವನು ಕೈಮುಗಿದು ನಿಲ್ಲಬೇಕಾಗುತ್ತದೆ. ಇದು ಬರೀ ಪದಗಳ ಜಗಳವೇ? ಅಲ್ಲವೆಂಬುದನ್ನು ಅರಿಯಲು ಪೆಸಿಫಿಕ್ ಸಾಗರದ ಎರಡು ಪುಟ್ಟ ದ್ವೀಪರಾಷ್ಟ್ರಗಳ ಕಥೆ ಸಾಕು.

ಒಂದು ನೌರು, ಇನ್ನೊಂದು ಟುವಾಲು. ನೌರುವಿನ ವಿಸ್ತೀರ್ಣ 21 ಚದರ ಕಿಲೋಮೀಟರ್, ಟುವಾಲುವಿನದು 26. ಎರಡರ ಜನಸಂಖ್ಯೆಯೂ ಹತ್ತು ಹನ್ನೆರಡು ಸಾವಿರದ ಆಸುಪಾಸು. ಎರಡೂ ಬಳಸುವುದು ಆಸ್ಟ್ರೇಲಿಯಾದ ಡಾಲರನ್ನು. ಜನಸಂಖ್ಯೆಗೆ ಭಾಗಿಸಿ ನೋಡಿದರೆ ಜಗತ್ತಿನಲ್ಲೇ ಅತಿ ಹೆಚ್ಚು ವಿದೇಶಿ ನೆರವು ಪಡೆಯುವ ದೇಶಗಳ ಸಾಲಿನಲ್ಲಿ ಎರಡೂ ನಿಲ್ಲುತ್ತವೆ. ಲೆಕ್ಕದ ಪುಸ್ತಕದಲ್ಲಿ ಇವು ಅವಳಿ ಮಕ್ಕಳಂತೆ ಕಾಣುತ್ತವೆ. ಆದರೆ ಹಣ ಬಂದ ದಾರಿ ಬೇರೆ ಬೇರೆ.

ಗೊಬ್ಬರವಾದ ದ್ವೀಪ

ನೌರು ಹುಟ್ಟಿನಿಂದ ಬಡ ದ್ವೀಪವಲ್ಲ. ಅದರ ನೆಲದಲ್ಲಿ ಅತ್ಯುತ್ತಮ ದರ್ಜೆಯ ಫಾಸ್ಫೇಟ್ ಇತ್ತು. ಇಪ್ಪತ್ತನೆಯ ಶತಮಾನದ ಆರಂಭದಲ್ಲೇ ಅಲ್ಲಿ ಗಣಿಗಾರಿಕೆ ಶುರುವಾಯಿತು. ಮೊದಲ ಮಹಾಯುದ್ಧದ ನಂತರ ಬ್ರಿಟನ್, ಆಸ್ಟ್ರೇಲಿಯಾ ಮತ್ತು ನ್ಯೂಜಿಲೆಂಡ್ ಕೂಡಿ 'ಬ್ರಿಟಿಷ್ ಫಾಸ್ಫೇಟ್ ಕಮಿಷನರ್ಸ್' ಎಂಬ ಸಂಸ್ಥೆಯ ಮೂಲಕ ಅದನ್ನು ಅಗೆದವು. ಆ ಫಾಸ್ಫೇಟ್ ಆಸ್ಟ್ರೇಲಿಯಾ ಮತ್ತು ನ್ಯೂಜಿಲೆಂಡಿನ ರೈತರಿಗೆ ಜಾಗತಿಕ ದರಕ್ಕಿಂತ ಅಗ್ಗವಾಗಿ ಸಿಕ್ಕಿತು. ಅವರ ಹೊಲಗಳು ಹಸಿರಾದವು. ನೌರುವಿನ ಒಡಲಲ್ಲಿ ಉಳಿದದ್ದು ಚೂಪುಚೂಪಾದ ಸುಣ್ಣಕಲ್ಲಿನ ಕಂಬಗಳು. ಅಲ್ಲಿ ಬೇಸಾಯ ಮಾಡಲಾಗದು, ಮನೆ ಕಟ್ಟಲೂ ಆಗದು. ಜನ ಇಂದಿಗೂ ಕರಾವಳಿಯ ಕಿರಿದಾದ ಪಟ್ಟಿಯಲ್ಲೇ ವಾಸಿಸುತ್ತಾರೆ.

1964ರಲ್ಲಿ ಆಸ್ಟ್ರೇಲಿಯಾ ಒಂದು ಪರಿಹಾರ ಸೂಚಿಸಿತು. ನೌರುವಿನ ಜನರೆಲ್ಲ ಕ್ವೀನ್ಸ್‌ಲ್ಯಾಂಡ್ ತೀರದ ಕರ್ಟಿಸ್ ದ್ವೀಪಕ್ಕೆ ಬಂದು ನೆಲೆಸಲಿ ಎಂದಿತು. ಹ್ಯಾಮರ್ ಡಿರಾಬರ್ಟ್ ಅವರ ನಾಯಕತ್ವದಲ್ಲಿ ಜನ ಅದನ್ನು ತಿರಸ್ಕರಿಸಿದರು. ಹೊಸ ನೆಲ ಸಿಗುತ್ತಿತ್ತು ನಿಜ. ಆದರೆ ಅಲ್ಲಿ ಅವರು ಒಂದು ಜನಾಂಗವಾಗಿ, ಸ್ವತಂತ್ರ ರಾಷ್ಟ್ರವಾಗಿ ಉಳಿಯುತ್ತಿರಲಿಲ್ಲ. 1968ರ ಜನವರಿ 31ರಂದು ನೌರು ಸ್ವತಂತ್ರವಾಯಿತು. ಗಣಿಯನ್ನೂ ತನ್ನ ಕೈಗೆ ತೆಗೆದುಕೊಂಡಿತು.

ಮುಂದಿನ ಎರಡು ದಶಕ ನೌರು ತಲಾ ಆದಾಯದಲ್ಲಿ ಜಗತ್ತಿನ ಶ್ರೀಮಂತ ದೇಶಗಳಿಗೆ ಸಮನಾಗಿತ್ತು. ಫಾಸ್ಫೇಟ್ ಮುಗಿದ ದಿನಕ್ಕೆಂದು ಕೂಡಿಟ್ಟ ನಿಧಿ ನೂರು ಕೋಟಿ ಆಸ್ಟ್ರೇಲಿಯನ್ ಡಾಲರ್ ದಾಟಿತ್ತು. ಆದರೆ ಆ ನಿಧಿಗೆ ಕಾವಲಿರಲಿಲ್ಲ. ಮೆಲ್ಬೋರ್ನಿನಲ್ಲಿ 52 ಮಹಡಿಯ ಕಟ್ಟಡ ಎದ್ದಿತು. ಊರಿಗಿಂತ ದೊಡ್ಡ ವಿಮಾನ ಕಂಪೆನಿ ಬಂತು. 1993ರಲ್ಲಿ ಲಂಡನ್ನಿನಲ್ಲಿ ಲಿಯೊನಾರ್ಡೊ ಡಾ ವಿಂಚಿಯ ಕುರಿತ ಸಂಗೀತ ನಾಟಕವೊಂದಕ್ಕೂ ಹಣ ಸುರಿದು ಅದು ನೆಲಕಚ್ಚಿತು. ತಪ್ಪು ಸಲಹೆ, ಭ್ರಷ್ಟಾಚಾರ, ಸಾಲ ಎಲ್ಲವೂ ಸೇರಿ ಶತಮಾನದ ಕೊನೆಗೆ ಖಜಾನೆ ಬರಿದಾಯಿತು. ಮೆಲ್ಬೋರ್ನಿನ ಕಟ್ಟಡವೂ 2004ರಲ್ಲಿ ಮಾರಾಟವಾಯಿತು. ನೌರುವಿನ ನಾಯಕರ ಈ ಹೊಣೆಯನ್ನು ಯಾರೂ ಮರೆಮಾಚಬೇಕಾಗಿಲ್ಲ.

ಆದರೆ ಇದರ ನಡುವೆ ನಡೆದ ಇನ್ನೊಂದು ಘಟನೆಯನ್ನು ಮರೆಯಬಾರದು. 1989ರಲ್ಲಿ ನೌರು ಹೇಗ್‌ನ ಅಂತಾರಾಷ್ಟ್ರೀಯ ನ್ಯಾಯಾಲಯದಲ್ಲಿ ಆಸ್ಟ್ರೇಲಿಯಾದ ಮೇಲೆ ದಾವೆ ಹೂಡಿತು. ಸ್ವಾತಂತ್ರ್ಯಕ್ಕೆ ಮೊದಲು ನಮ್ಮ ನೆಲವನ್ನು ಅಗೆದು ಹಾಳುಮಾಡಿದವರು ನೀವು, ಅದನ್ನು ಸರಿಪಡಿಸುವ ಹೊಣೆಯೂ ನಿಮ್ಮದು ಎಂಬುದು ಅದರ ವಾದ. ಈ ಮೊಕದ್ದಮೆ ನಿಲ್ಲಲೇಬಾರದು ಎಂದು ಆಸ್ಟ್ರೇಲಿಯಾ ಎತ್ತಿದ ಆಕ್ಷೇಪಗಳಲ್ಲಿ ಮುಖ್ಯವಾದವನ್ನು 1992ರಲ್ಲಿ ನ್ಯಾಯಾಲಯ ತಳ್ಳಿಹಾಕಿತು. ಮರುವರ್ಷ ರಾಜಿಯಾಯಿತು. ಆಸ್ಟ್ರೇಲಿಯಾ 10.7 ಕೋಟಿ ಡಾಲರ್ ಕೊಡಲು ಒಪ್ಪಿತು. ಅದರಲ್ಲಿ ಸುಮಾರು ಅರ್ಧಭಾಗ 20 ವರ್ಷಗಳ ಕಂತಿನಲ್ಲಿ ಬರತಕ್ಕದ್ದು. ಬ್ರಿಟನ್ ಮತ್ತು ನ್ಯೂಜಿಲೆಂಡ್ ತಮ್ಮ ಪಾಲನ್ನು ಆಸ್ಟ್ರೇಲಿಯಾಕ್ಕೆ ಕೊಟ್ಟವು. ಆದರೆ ಹೊಣೆ ನಮ್ಮದಲ್ಲ ಎಂಬ ನಿಲುವನ್ನು ಮಾತ್ರ ಆಸ್ಟ್ರೇಲಿಯಾ ಬಿಟ್ಟುಕೊಡಲಿಲ್ಲ. ಹಣ ಬಂತು, ಆದರೆ 'ಬಾಕಿ' ಎಂಬ ಹೆಸರು ಬರಲಿಲ್ಲ.

ಕೈಗೆ ಸಿಕ್ಕ ಬಂಡವಾಳ

ಟುವಾಲುವಿಗೆ ಫಾಸ್ಫೇಟೂ ಇರಲಿಲ್ಲ. ಒಂಬತ್ತು ಹವಳದ ದ್ವೀಪಗಳು, ತೆಂಗು, ಮೀನು ಮತ್ತು ಹಡಗುಗಳಲ್ಲಿ ದುಡಿಯಲು ಹೋಗುವ ಗಂಡಸರು. ಅದರ ಹಳೆಯ ಹೆಸರು ಎಲ್ಲಿಸ್ ದ್ವೀಪಗಳು. ಗಿಲ್ಬರ್ಟ್ ದ್ವೀಪಗಳ ಜೊತೆ ಒಂದೇ ವಸಾಹತಾಗಿದ್ದ ಅದು ಬೇರೆಯಾಗಲು ಬಯಸಿದಾಗ ಬ್ರಿಟನ್ ಹಾಕಿದ ಷರತ್ತು ಕಠಿಣವಾಗಿತ್ತು. ಬನಾಬಾ ದ್ವೀಪದ ಫಾಸ್ಫೇಟ್ ಹಣದಲ್ಲಿ ಪಾಲಿಲ್ಲ, ಕೊಡುವುದು ಒಂದು ಹಡಗು ಮಾತ್ರ. ಹಾಗಿದ್ದರೂ ಜನ ಬೇರೆಯಾಗುವುದಕ್ಕೇ ಮತ ಹಾಕಿದರು. 1978ರ ಅಕ್ಟೋಬರ್ 1ರಂದು ಟುವಾಲು ಸ್ವತಂತ್ರವಾಯಿತು.

ಸ್ವಾತಂತ್ರ್ಯ ಬಂದರೂ ವರ್ಷದ ಬಜೆಟ್ ತುಂಬಲು ಬ್ರಿಟನ್ನಿನ ಅನುದಾನ ಬೇಕಿತ್ತು. ಶಿಕ್ಷಕರ ಸಂಬಳಕ್ಕೂ ದೋಣಿಯ ಡೀಸೆಲ್‌ಗೂ ಪ್ರತಿವರ್ಷ ಕೈಚಾಚಬೇಕು. ಇಂತಹ ದೇಶಕ್ಕೆ ಪ್ರಧಾನಿಯೂ ಸಂಸತ್ತೂ ಇರಬಹುದು, ಆದರೆ ಮುಂದಿನ ವರ್ಷದ ಯೋಜನೆ ಅವರ ಕೈಯಲ್ಲಿರುವುದಿಲ್ಲ. ಆಗ ಟುವಾಲು ಒಂದು ಬೇರೆಯೇ ಬೇಡಿಕೆ ಮುಂದಿಟ್ಟಿತು. ವರ್ಷವರ್ಷವೂ ಕೊಡುವುದನ್ನು ಬಿಡಿ, ಒಮ್ಮೆ ಬಂಡವಾಳ ಕೊಡಿ, ಅದರ ಆದಾಯದಲ್ಲಿ ನಾವು ಬದುಕುತ್ತೇವೆ ಎಂದಿತು. ತೊಮಾಸಿ ಪುವಾಪುವಾ ಪ್ರಧಾನಿಯಾಗಿದ್ದ 1987ರಲ್ಲಿ ಟುವಾಲು ಟ್ರಸ್ಟ್ ಫಂಡ್ ಸ್ಥಾಪನೆಯಾಯಿತು. ಬ್ರಿಟನ್, ನ್ಯೂಜಿಲೆಂಡ್, ಆಸ್ಟ್ರೇಲಿಯಾ ಮುಖ್ಯ ಪಾಲು ಹಾಕಿದವು. ಜಪಾನ್, ದಕ್ಷಿಣ ಕೊರಿಯಾ ಸ್ವಲ್ಪ ಸೇರಿಸಿದವು. ಟುವಾಲು ಕೂಡ ತನ್ನ ಪಾಲು ಇಟ್ಟಿತು. ಒಟ್ಟು ಸುಮಾರು 2.7 ಕೋಟಿ ಆಸ್ಟ್ರೇಲಿಯನ್ ಡಾಲರ್.

ನಿಯಮ ಸರಳವಾಗಿತ್ತು. ಮೂಲಧನವನ್ನು ಮುಟ್ಟುವಂತಿಲ್ಲ. ಬೆಲೆಯೇರಿಕೆಗೆ ತಕ್ಕಂತೆ ಅದರ ಮೌಲ್ಯ ಉಳಿಯಬೇಕು. ಅದನ್ನು ಮೀರಿ ಗಳಿಸಿದ್ದು ಮಾತ್ರ ಎರಡನೆಯ ಖಾತೆಗೆ ಹೋಗುತ್ತದೆ. ಆ ಖಾತೆಯಿಂದ ಯಾವಾಗ, ಎಷ್ಟು ತೆಗೆಯಬೇಕೆಂದು ತೀರ್ಮಾನಿಸುವುದು ಟುವಾಲು ಸರಕಾರ. ನಿಧಿಯ ಮಂಡಳಿಯಲ್ಲಿ ಕೊಟ್ಟವರೂ ಇದ್ದಾರೆ, ಪಡೆದವರೂ ಇದ್ದಾರೆ. 2008ರ ಜಾಗತಿಕ ಕುಸಿತದ ನಂತರ ಕೆಲವು ವರ್ಷ ಹಂಚಲು ಏನೂ ಇರಲಿಲ್ಲ. ಆದರೂ ನಿಧಿ ಉಳಿಯಿತು, ಬೆಳೆಯಿತು. ಇಂದು ಅದು ಆರಂಭದ ಮೊತ್ತದ ಹಲವು ಪಟ್ಟಾಗಿದೆ.

ಕೊಟ್ಟವರು ಸಂತರಾಗಿದ್ದರೆಂದು ಇದರಿಂದ ತಿಳಿಯಬೇಕಾಗಿಲ್ಲ. ಬ್ರಿಟನ್ನಿಗೆ ವರ್ಷವರ್ಷದ ಹೊರೆಯಿಂದ ಕಳಚಿಕೊಳ್ಳಬೇಕಿತ್ತು. ಟುವಾಲುವಿನವರು ನೌರುವಿನವರಿಗಿಂತ ಜಾಣರೆಂದೂ ಭಾವಿಸಬೇಕಾಗಿಲ್ಲ. ಸ್ವಾತಂತ್ರ್ಯ ಬಂದ ಮರುವರ್ಷವೇ ಅಲ್ಲಿನ ಮೊದಲ ಪ್ರಧಾನಿ ಸರಕಾರದ ಹಣದ ದೊಡ್ಡ ಭಾಗವನ್ನು ಅಮೆರಿಕದ ಒಬ್ಬ ವ್ಯಾಪಾರಿಯ ಕೈಗೆ ಒಪ್ಪಿಸಿದ್ದರು. ಆ ವಿವಾದದ ಬೆನ್ನಿಗೆ 1981ರ ಚುನಾವಣೆಯ ನಂತರ ಅವರ ಅಧಿಕಾರ ಹೋಯಿತು. ಎಡವುವ ಗುಣ ಎಲ್ಲ ಮನುಷ್ಯರದ್ದು. ಒಂದು ಕಡೆ ಎಡವಿದರೂ ಬೀಳದಂತೆ ತಡೆಗೋಡೆ ಇತ್ತು, ಇನ್ನೊಂದು ಕಡೆ ಇರಲಿಲ್ಲ.

'ಇಲ್ಲ' ಎನ್ನುವ ಶಕ್ತಿ

2001ರ ಆಗಸ್ಟಿನಲ್ಲಿ ಟಂಪಾ ಎಂಬ ನಾರ್ವೆಯ ಸರಕು ಹಡಗು ಮುಳುಗುತ್ತಿದ್ದ ದೋಣಿಯೊಂದರಿಂದ ನಾನೂರಕ್ಕೂ ಹೆಚ್ಚು ಜನರನ್ನು ರಕ್ಷಿಸಿತು. ಹೆಚ್ಚಿನವರು ಅಫಘಾನಿಸ್ತಾನದಿಂದ ಓಡಿಬಂದ ಹಝಾರಾಗಳು. ಆಸ್ಟ್ರೇಲಿಯಾ ಅವರನ್ನು ಇಳಿಯಗೊಡಲಿಲ್ಲ. ಬೇರೆ ನೆಲ ಹುಡುಕಿತು. ಖಜಾನೆ ಬರಿದಾಗಿದ್ದ ನೌರು ಒಪ್ಪಿತು. ಪ್ರತಿಯಾಗಿ ಮೊದಲ ಕಂತಿನಲ್ಲೇ 2 ಕೋಟಿ ಆಸ್ಟ್ರೇಲಿಯನ್ ಡಾಲರಿನ ನೆರವು ಘೋಷಣೆಯಾಯಿತು. ಇಂಧನ, ವಿದ್ಯಾರ್ಥಿವೇತನ, ಆಸ್ಟ್ರೇಲಿಯಾದ ಆಸ್ಪತ್ರೆಗಳಲ್ಲಿ ನೌರುವಿನ ರೋಗಿಗಳು ಉಳಿಸಿಕೊಂಡಿದ್ದ ಬಿಲ್ಲು ಎಲ್ಲವೂ ಅದರಲ್ಲಿ ಸೇರಿದ್ದವು. ಅದನ್ನೂ 'ನೆರವು' ಎಂದೇ ಕರೆದರು.

ಅದು ನೆರವೇ? ಅದು ಬೆಲೆ. ಅಲ್ಲಿ ಮಾರಾಟವಾದದ್ದು ಮನುಷ್ಯರನ್ನು ಕಣ್ಣಿಗೆ ಕಾಣದಂತೆ ಇಡುವ ಜಾಗ. ಆ ಶಿಬಿರ 2008ರಲ್ಲಿ ಮುಚ್ಚಿತು, 2012ರಲ್ಲಿ ಮತ್ತೆ ತೆರೆಯಿತು. 2014ರಲ್ಲಿ ವಿದೇಶಿ ಪತ್ರಕರ್ತರ ವೀಸಾ ಶುಲ್ಕ 200 ಡಾಲರಿನಿಂದ 8,000 ಡಾಲರಿಗೆ ಏರಿತು. 2016ರಲ್ಲಿ ಇರಾನಿನ ನಿರಾಶ್ರಿತನೊಬ್ಬ ವಿಶ್ವಸಂಸ್ಥೆಯ ಪ್ರತಿನಿಧಿಗಳು ಬಂದಿದ್ದಾಗಲೇ ಮೈಗೆ ಬೆಂಕಿ ಹಚ್ಚಿಕೊಂಡು ಸತ್ತ. 2018ರಲ್ಲಿ ಅಲ್ಲಿ ಮಾನಸಿಕ ಚಿಕಿತ್ಸೆ ನೀಡುತ್ತಿದ್ದ 'ಗಡಿರಹಿತ ವೈದ್ಯರು' ಸಂಸ್ಥೆಯನ್ನು ಹೊರಗೆ ಕಳುಹಿಸಲಾಯಿತು. ಕೊಡುವವನು ಒಬ್ಬ, ಪಡೆಯುವವನು ಒಬ್ಬ ಎಂದು ನಾವು ಲೆಕ್ಕ ಹಾಕುತ್ತೇವೆ. ಮೂರನೆಯವನೊಬ್ಬ ಇದ್ದಾನೆಂಬುದನ್ನು ಆ ಒಳ್ಳೆಯ ಹೆಸರು ಮರೆಸಿಬಿಡುತ್ತದೆ. ಅವನಿಗೆ ಈ ಲೆಕ್ಕದಲ್ಲಿ ಸರಕಿನ ಸ್ಥಾನ.

ವ್ಯಾಪಾರ ಅಲ್ಲಿಗೇ ನಿಲ್ಲಲಿಲ್ಲ. 2002ರಲ್ಲಿ ನೌರು ತೈವಾನನ್ನು ಬಿಟ್ಟು ಚೀನಾಕ್ಕೆ ಮಾನ್ಯತೆ ಕೊಟ್ಟಿತು, 2005ರಲ್ಲಿ ತೈವಾನಿಗೆ ಮರಳಿತು, 2024ರ ಜನವರಿಯಲ್ಲಿ ಮತ್ತೆ ಚೀನಾ ಕಡೆ ಹೋಯಿತು. ನೌರು ಭಾರೀ ಮೊತ್ತ ಕೇಳಿ ಎರಡೂ ಕಡೆಯ ದರ ಹೋಲಿಸುತ್ತಿತ್ತು ಎಂದು ತೈವಾನ್ ದೂರಿತು. 2009ರಲ್ಲಿ ಅಬ್‌ಖಾಝಿಯಾ ಮತ್ತು ದಕ್ಷಿಣ ಒಸ್ಸೆಟಿಯಾಗಳಿಗೆ ಮಾನ್ಯತೆ ಕೊಟ್ಟಾಗ ರಷ್ಯಾದಿಂದ 5 ಕೋಟಿ ಅಮೆರಿಕನ್ ಡಾಲರ್ ಕೇಳಿತ್ತೆಂದು ರಷ್ಯಾದ ಪತ್ರಿಕೆಯೇ ವರದಿ ಮಾಡಿತು. 2025ರ ಆಗಸ್ಟಿನಲ್ಲಿ ಆಸ್ಟ್ರೇಲಿಯಾ ತಾನು ಇಟ್ಟುಕೊಳ್ಳಲೊಲ್ಲದ ವಿದೇಶೀಯರನ್ನು ಕಳುಹಿಸಲು ನೌರುವಿನ ಜೊತೆ ಹೊಸ ಒಪ್ಪಂದ ಮಾಡಿಕೊಂಡಿತು. ಆರಂಭಕ್ಕೆ 40.8 ಕೋಟಿ, ನಂತರ ವರ್ಷಕ್ಕೆ 7 ಕೋಟಿ ಆಸ್ಟ್ರೇಲಿಯನ್ ಡಾಲರ್. 1993ರಲ್ಲಿ ಹಾಳಾದ ನೆಲಕ್ಕೆ ಸಿಕ್ಕ ಒಟ್ಟು ಮೊತ್ತದ ಪಕ್ಕದಲ್ಲಿ ಈ ಅಂಕಿಗಳನ್ನು ಇಟ್ಟು ನೋಡಿ. ಬಾಕಿ ತೀರಿಸುವಾಗ ಬಿಗಿಯಾಗಿದ್ದ ಕೈ ಬೆಲೆ ತೆರುವಾಗ ಸಡಿಲವಾಗಿದೆ.

ನೌರುವಿನ ಮೇಲೆ ಛೀಮಾರಿ ಹಾಕುವುದು ಸುಲಭ. ಆದರೆ ಸ್ವಲ್ಪ ನಿಂತು ಯೋಚಿಸೋಣ. ಮನೆಯಲ್ಲಿದ್ದುದೆಲ್ಲ ಹೋದ ಮೇಲೆ ಒಬ್ಬ ತನ್ನ ಅಂಗಳವನ್ನು ಬಾಡಿಗೆಗೆ ಕೊಡುತ್ತಾನೆ, ಸಹಿಯನ್ನು ಮಾರುತ್ತಾನೆ. ಅವನು ಮಾಡಿದ್ದು ಸರಿಯೆಂದು ನಾವು ಹೇಳಲಾರೆವು. ಆದರೆ ಅವನಿಗೆ 'ಇಲ್ಲ' ಎನ್ನುವ ಶಕ್ತಿ ಉಳಿದಿರಲಿಲ್ಲ ಎಂದು ತಿಳಿದೇ ಬಾಗಿಲು ತಟ್ಟಿದವನ ಪಾಪ ಅದಕ್ಕಿಂತ ಕಡಿಮೆಯೇ? ಅದರಲ್ಲೂ ಆ ಮನೆಯನ್ನು ಬರಿದು ಮಾಡಿದವರಲ್ಲಿ ತಾನೂ ಒಬ್ಬನಾಗಿದ್ದರೆ?

ಟುವಾಲುವಿಗೆ ಆ ಶಕ್ತಿ ಸ್ವಲ್ಪವಾದರೂ ಉಳಿದಿತ್ತು. 2019ರಲ್ಲಿ ಚೀನಾದ ಕಂಪೆನಿಗಳು ಸಮುದ್ರಕ್ಕೆ ಮಣ್ಣು ತುಂಬಿ ಕೃತಕ ದ್ವೀಪ ಕಟ್ಟಿಕೊಡುತ್ತೇವೆ ಎಂದು ಬಂದಾಗ ಅದು ನಿರಾಕರಿಸಿತು. ಅದೇ ವರ್ಷ ಆಸ್ಟ್ರೇಲಿಯಾದ ಮಾಜಿ ಪ್ರಧಾನಿ ಕೆವಿನ್ ರಡ್, ಪೌರತ್ವ ಕೊಟ್ಟು ಪ್ರತಿಯಾಗಿ ಈ ದ್ವೀಪಗಳ ಸಮುದ್ರದ ಮೇಲಿನ ಹಕ್ಕನ್ನು ಪಡೆಯಬಹುದೆಂಬ ವಿಚಾರ ತೇಲಿಬಿಟ್ಟರು. ಇದು ಸಾಮ್ರಾಜ್ಯಶಾಹಿ ಯೋಚನೆ ಎಂದು ಟುವಾಲುವಿನ ಅಂದಿನ ಪ್ರಧಾನಿ ಎನೆಲೆ ಸೊಪೊವಾಗ ತಿರುಗಿ ಹೇಳಿದರು. ಟುವಾಲು ಎಂದೂ ಜಾರಿಲ್ಲವೆಂದಲ್ಲ. ಅದೂ 2011ರಲ್ಲಿ ಅಬ್‌ಖಾಝಿಯಾಕ್ಕೆ ಮಾನ್ಯತೆ ಕೊಟ್ಟು 2014ರಲ್ಲಿ ಹಿಂತೆಗೆದುಕೊಂಡಿದೆ. ಆದರೆ ವರ್ಷದ ಸಂಬಳಕ್ಕೆ ಇನ್ನೊಬ್ಬರ ಮುಖ ನೋಡಬೇಕಾಗಿಲ್ಲದವನ ಬೆನ್ನು ಹೆಚ್ಚು ನೇರವಾಗಿರುತ್ತದೆ.

ಎರಡೂ ದೇಶಗಳಿಗೆ ದೊಡ್ಡ ಆಸರೆಯಾದ ಇನ್ನೊಂದು ಆದಾಯ ನೆರವೇ ಅಲ್ಲ ಎಂಬುದನ್ನೂ ಇಲ್ಲಿ ಗಮನಿಸಬೇಕು. ಇವುಗಳ ಸಮುದ್ರದಲ್ಲಿ ಟ್ಯೂನಾ ಮೀನು ಧಾರಾಳವಾಗಿದೆ. ದೂರದ ದೇಶಗಳ ಹಡಗುಗಳು ಜುಜುಬಿ ಶುಲ್ಕ ಕೊಟ್ಟು ಅದನ್ನು ಹಿಡಿದೊಯ್ಯುತ್ತಿದ್ದವು. 1982ರ 'ನೌರು ಒಪ್ಪಂದ'ದಡಿ ಒಂದಾದ ದ್ವೀಪರಾಷ್ಟ್ರಗಳ ಗುಂಪಿನಲ್ಲಿ ಈಗ ಟುವಾಲು ಸೇರಿ ಎಂಟು ದೇಶಗಳಿವೆ. 2007ರಿಂದ ಇವು ಮೀನುಗಾರಿಕೆಯ ದಿನಗಳನ್ನು ಲೆಕ್ಕ ಹಾಕಿ ಮಾರತೊಡಗಿದವು. 2010ರಲ್ಲಿ ವರ್ಷಕ್ಕೆ ಸುಮಾರು 6 ಕೋಟಿ ಅಮೆರಿಕನ್ ಡಾಲರಿದ್ದ ಗುಂಪಿನ ಆದಾಯ ಆ ದಶಕ ಮುಗಿಯುವುದರೊಳಗೆ ಸುಮಾರು 50 ಕೋಟಿಗೆ ಏರಿತು. ಮೀನು ಅದೇ, ಸಮುದ್ರವೂ ಅದೇ. ಬದಲಾದದ್ದು ಇಷ್ಟೇ: ತಮ್ಮದನ್ನು ತಮ್ಮದೆಂದು ಕರೆದು ನ್ಯಾಯದ ಬೆಲೆ ಕೇಳಿದರು. ಬೆಲೆಯನ್ನು ಬೆಲೆಯೆಂದೇ ಕರೆದಾಗ ಯಾರೂ ಯಾರಿಗೂ ಕೈಮುಗಿಯಬೇಕಾಗುವುದಿಲ್ಲ.

ನೆರೆಮನೆಯ ಹೆಸರಿನಲ್ಲಿ

ಈಗ ಟುವಾಲುವಿನ ಪರೀಕ್ಷೆ ಹಣದ್ದಲ್ಲ, ನೀರಿನದ್ದು. ಸಮುದ್ರಮಟ್ಟದಿಂದ ಕೆಲವೇ ಮೀಟರ್ ಎತ್ತರದ ನೆಲ ಅದು. ದೊಡ್ಡ ಉಬ್ಬರದ ದಿನಗಳಲ್ಲಿ ರಾಜಧಾನಿ ಫುನಾಫುಟಿಯಲ್ಲಿ ನೆಲದಡಿಯಿಂದಲೇ ಉಪ್ಪುನೀರು ಉಕ್ಕುತ್ತದೆ. ಹಸಿರು ಹವಾಮಾನ ನಿಧಿಯ 3.6 ಕೋಟಿ ಅಮೆರಿಕನ್ ಡಾಲರಿನ ಯೋಜನೆಯಲ್ಲಿ 2023ರ ಹೊತ್ತಿಗೆ ಅಲ್ಲಿ ಏಳು ಹೆಕ್ಟೇರಿಗೂ ಹೆಚ್ಚು ಎತ್ತರದ ನೆಲವನ್ನು ಸಮುದ್ರದಿಂದ ಎಬ್ಬಿಸಲಾಗಿದೆ. ಒಳ್ಳೆಯ ಕೆಲಸ. ಆದರೆ ಅದನ್ನು ಏನೆಂದು ಕರೆಯೋಣ? ಇದ್ದಿಲು, ಎಣ್ಣೆ ಸುಟ್ಟು ಶ್ರೀಮಂತರಾದವರು ಬೇರೆ. ಹನ್ನೊಂದು ಸಾವಿರ ಜನರ ಟುವಾಲುವಿನ ಹೊಗೆ ಜಗತ್ತಿನ ಲೆಕ್ಕದಲ್ಲಿ ಕಾಣುವುದೂ ಇಲ್ಲ.

2015ರ ಪ್ಯಾರಿಸ್ ಒಪ್ಪಂದದಲ್ಲಿ ಹವಾಮಾನ ಬದಲಾವಣೆಯ ನಷ್ಟ ಮತ್ತು ಹಾನಿಗೆ ಒಂದು ವಿಧಿಯಿದೆ. ಆದರೆ ಆ ವಿಧಿ ಯಾರ ಮೇಲೂ ಹೊಣೆಯನ್ನಾಗಲಿ ಪರಿಹಾರವನ್ನಾಗಲಿ ಹೇರಲು ಆಧಾರವಾಗದು ಎಂದು ಜೊತೆಗಿನ ನಿರ್ಣಯದಲ್ಲಿ ಬರೆಯಲಾಯಿತು. 1993ರ ನೌರು ರಾಜಿಯ ಧ್ವನಿಯೇ ಇಲ್ಲಿ ಮತ್ತೆ ಕೇಳುತ್ತದೆ. ಹಣ ಕೊಟ್ಟೇವು, ಆದರೆ ಅದನ್ನು ಬಾಕಿ ಎನ್ನಬೇಡಿ. 2025ರ ಜುಲೈಯಲ್ಲಿ ಅದೇ ಹೇಗ್‌ನ ನ್ಯಾಯಾಲಯ ತನ್ನ ಸಲಹಾ ಅಭಿಪ್ರಾಯದಲ್ಲಿ, ಹವಾಮಾನ ರಕ್ಷಣೆ ದೇಶಗಳ ಕಾನೂನುಬದ್ಧ ಹೊಣೆ, ಅದನ್ನು ಮುರಿದರೆ ಪರಿಹಾರದ ಪ್ರಶ್ನೆಯೂ ಏಳಬಹುದು ಎಂದಿತು. ಅದರಿಂದ ನಾಳೆಯೇ ಯಾರ ಖಾತೆಗೂ ಹಣ ಬೀಳದು. ಆದರೆ ಮುಚ್ಚಿದ್ದ ಹೆಸರೊಂದು ಮತ್ತೆ ಬಾಯಿಗೆ ಬಂದಿದೆ.

2023ರ ನವೆಂಬರಿನಲ್ಲಿ ಟುವಾಲು ಮತ್ತು ಆಸ್ಟ್ರೇಲಿಯಾ ಒಂದು ಒಪ್ಪಂದಕ್ಕೆ ಸಹಿ ಹಾಕಿದವು. 2024ರ ಆಗಸ್ಟಿನಲ್ಲಿ ಅದು ಜಾರಿಗೆ ಬಂತು. ಅದರ ಹೆಸರು 'ಫಲೆಪಿಲಿ'. ಒತ್ತೊತ್ತಾಗಿರುವ ಮನೆಗಳವರು ಪರಸ್ಪರ ತೋರುವ ಪ್ರೀತಿ, ಕಾಳಜಿಗೆ ಟುವಾಲುವಿನ ಭಾಷೆಯಲ್ಲಿರುವ ಪದ ಅದು. ಒಪ್ಪಂದದಂತೆ ವರ್ಷಕ್ಕೆ 280 ಮಂದಿ ಆಸ್ಟ್ರೇಲಿಯಾದಲ್ಲಿ ನೆಲೆಸಬಹುದು. ನೆಲ ಮುಳುಗಿದರೂ ಟುವಾಲು ರಾಷ್ಟ್ರವಾಗಿ ಮುಂದುವರಿಯುತ್ತದೆ ಎಂದು ಆಸ್ಟ್ರೇಲಿಯಾ ಒಪ್ಪಿದೆ. 1964ರಲ್ಲಿ ನೌರುವಿಗೆ ಸಿಗದಿದ್ದ ಮರ್ಯಾದೆ ಇದು. ಇದನ್ನು ಮೆಚ್ಚಲೇಬೇಕು. ಆದರೆ ಅದೇ ಒಪ್ಪಂದದಲ್ಲಿ, ಬೇರೆ ಯಾವ ದೇಶದೊಡನೆಯೂ ರಕ್ಷಣಾ ಸಂಬಂಧ ಬೆಳೆಸುವ ಮೊದಲು ಟುವಾಲು ಆಸ್ಟ್ರೇಲಿಯಾದ ಸಮ್ಮತಿ ಪಡೆಯಬೇಕೆಂಬ ಷರತ್ತೂ ಇದೆ. 2025ರ ಮೊದಲ ಲಾಟರಿಗೆ ಕುಟುಂಬದವರೂ ಸೇರಿ ಎಂಟು ಸಾವಿರಕ್ಕೂ ಹೆಚ್ಚು ಹೆಸರುಗಳು ನೋಂದಣಿಯಾದವು. ದೇಶದ ಜನಸಂಖ್ಯೆಯ ಹೆಚ್ಚಿನ ಪಾಲು ಅದು. ಎಲ್ಲರೂ ಊರು ಬಿಡಲು ಹೊರಟವರೆಂದು ಹೇಳಲಾಗದು. ಆದರೆ ಬಾಗಿಲೊಂದು ಇರಲಿ ಎಂದು ಎಲ್ಲರಿಗೂ ಅನಿಸಿದೆ.

ನೆರೆಯವನ ಮನೆಗೆ ನೀರು ನುಗ್ಗಿದಾಗ ಬಾಗಿಲು ತೆರೆಯುವುದು ನೆರೆಹೊರೆಯ ಧರ್ಮ. ಒಳಗೆ ಬಂದವನಿಗೆ ನೀನು ಇನ್ನು ಯಾರ ಜೊತೆ ಮಾತಾಡಬೇಕೆಂದು ನನ್ನನ್ನು ಕೇಳು ಎನ್ನುವುದು ಯಾವ ಧರ್ಮ? ಅದಕ್ಕೂ ರಾಜಕೀಯ ಕಾರಣಗಳಿರಬಹುದು, ಅದು ಎರಡೂ ಕಡೆ ಒಪ್ಪಿದ ವ್ಯವಹಾರವೂ ಇರಬಹುದು. ಹಾಗಿದ್ದರೆ ವ್ಯವಹಾರವೆಂದೇ ಹೇಳಲಿ. ಬೇಕಾದ್ದು ಅಷ್ಟು ಪ್ರಾಮಾಣಿಕತೆ.

ಎರಡು ದ್ವೀಪಗಳಲ್ಲಿ ಯಾರಿಗೆ ಹೆಚ್ಚು ನೆರವು ಸಿಕ್ಕಿತು ಎಂಬ ಪ್ರಶ್ನೆಗೆ ಅಂಕಿಸಂಖ್ಯೆಗಳು ಉತ್ತರ ಕೊಡಬಲ್ಲವು. ಆದರೆ ಯಾರಿಗೆ ಒಳ್ಳೆಯ ನೆರವು ಸಿಕ್ಕಿತು ಎಂದು ತಿಳಿಯಲು ಬೇರೆ ಅಳತೆಗೋಲು ಬೇಕು. ಪಡೆದ ಮರುದಿನ ಆ ಮನುಷ್ಯ ಕೊಟ್ಟವನ ಎದುರಿಗೆ ನಿಂತು 'ಇದು ನನಗೆ ಒಪ್ಪಿಗೆಯಿಲ್ಲ' ಎನ್ನಬಲ್ಲನೇ? ಎನ್ನಬಲ್ಲನಾದರೆ ಕೊಟ್ಟವನ ಉದ್ದೇಶ ಪೂರ್ತಿ ಶುದ್ಧವಾಗಿರದಿದ್ದರೂ ಅದು ನೆರವೇ. ಎನ್ನಲಾರನಾದರೆ ಎಷ್ಟೇ ಕೋಟಿಯಾದರೂ ಅದು ಬೆಲೆ.

2015ರಲ್ಲಿ ನೌರು ಹೊಸದೊಂದು ನಿಧಿ ಸ್ಥಾಪಿಸಿತು. ಮುಂದಿನ ಪೀಳಿಗೆಗೆಂದು ಇಟ್ಟ ಈ ನಿಧಿಯ ಮೂಲಧನವನ್ನು ಸುಲಭವಾಗಿ ಮುಟ್ಟಲಾಗದು. ಆಸ್ಟ್ರೇಲಿಯಾ, ತೈವಾನ್ ಅದಕ್ಕೆ ಹಣ ಹಾಕಿದವು, ನೌರು ತಾನೂ ಹಾಕುತ್ತಿದೆ. ಟುವಾಲುವಿನ ನಿಧಿಯ ದಾರಿಯೇ ಅದರದ್ದೂ. ಒಂದು ಕಾಲದಲ್ಲಿ ಟುವಾಲುವಿನ ಬಡ ಕೂಲಿಗಳು ನೌರುವಿನ ಗಣಿಯಲ್ಲಿ ದುಡಿಯಲು ಬರುತ್ತಿದ್ದರು. ಈಗ ಶ್ರೀಮಂತಿಕೆ ಕಳೆದುಕೊಂಡ ದ್ವೀಪ ಆ ಕೂಲಿಗಳ ದೇಶದಿಂದ ಪಾಠ ಕಲಿತಿದೆ. ಈ ಪಾಠವನ್ನು ಟುವಾಲು ಕೊಟ್ಟದ್ದು ಯಾವ ಷರತ್ತೂ ಇಲ್ಲದೆ. ಯಾವ ದೇಶದ ನೆರವಿನ ಲೆಕ್ಕದಲ್ಲೂ ಅದು ನಮೂದಾಗಿಲ್ಲ.